ತಪ್ಪಿದ ಹೆಜ್ಜೆಯ ದಾಖಲೆ

ಮನುಷ್ಯನು ಬರೆದ ತಂತ್ರಾಂಶದ ಮೂಲಪಾಠವನ್ನು ಗಣಕಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಕಾರ್ಯಕ್ಕೆ ‘ಬಿಲ್ಡ್’ ಎಂದು ಹೆಸರು. ಇಂದು ಯಂತ್ರಗಳೇ ಇದನ್ನು ನಡೆಸಿ, ಪ್ರತಿಯೊಂದು ಹೆಜ್ಜೆಯನ್ನೂ ‘ಲಾಗ್’ ಎಂಬ ದಾಖಲೆಯಲ್ಲಿ ಬರೆದಿಡುತ್ತವೆ.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಸ್ವಯಂಸೇವಕರು ನಡೆಸುತ್ತಿರುವ ‘ಡೆಬಿಯನ್’ ಯೋಜನೆ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಒಂದೇ ಮೂಲಪಾಠವನ್ನು ಹಲವು ಬಗೆಯ ಯಂತ್ರಗಳಿಗಾಗಿ ಬೇರೆ ಬೇರೆಯಾಗಿ ಸಿದ್ಧಪಡಿಸಲಾಗುತ್ತದೆ. ಎಲ್ಲಿಯಾದರೂ ಕಾರ್ಯ ವಿಫಲವಾದರೆ ‘ಗೆಟ್‌ಬಿಲ್ಡ್‌ಲಾಗ್’ ಎಂಬ ಸಾಧನವಿದೆ. ತಂತ್ರಾಂಶದ ಹೆಸರು, ಆವೃತ್ತಿ ಹಾಗೂ ಯಂತ್ರದ ಬಗೆಯನ್ನು ತಿಳಿಸಿದರೆ ಅದು ಲಾಗಿನ ಪ್ರತಿಯನ್ನು ತಂದುಕೊಡುತ್ತದೆ. ಮೂಲ ದಾಖಲೆಯ ಒಂದಕ್ಷರವನ್ನೂ ಅದು ತಿದ್ದಲಾರದು. ಆದುದರಿಂದ ಹೊಸಬನೂ ಅಂಜದೆ ಬಳಸಬಹುದು.

ಓದುವುದಕ್ಕೂ ಒಂದು ಕ್ರಮವುಂಟು. ಕೊನೆಯ ಸಾಲು ಸೋಲನ್ನಷ್ಟೇ ಸಾರುತ್ತದೆ. ಕಾರಣವನ್ನು ಮೇಲಕ್ಕೆ ಹೋಗಿ ಹುಡುಕಬೇಕು. ಬೇಕಾದ ಒಂದು ಕಡತ ದೊರೆಯದಿದ್ದರೆ ಅದರ ಬೆನ್ನಿಗೆ ಹತ್ತಾರು ದೋಷಗಳು ಸಾಲುಗಟ್ಟುತ್ತವೆ. ಮೊದಲನೆಯದನ್ನು ಹಿಡಿಯಬೇಕು. ಬಳಿಕ ಇತರ ಯಂತ್ರಗಳ ಲಾಗಿನೊಡನೆ ಹೋಲಿಸಬೇಕು. ‘ಎಎಂಡಿ64’ ಯಂತ್ರದಲ್ಲಿ ಸಫಲವಾದುದು ‘ಎಸ್390ಎಕ್ಸ್’ನಲ್ಲಿ ವಿಫಲವಾದರೆ ಬೈಟುಗಳ ಕ್ರಮವನ್ನು ಪರೀಕ್ಷಿಸುವುದು ಒಳಿತು. ಮೊದಲನೆಯದು ಸಂಖ್ಯೆಯ ಕಿರಿಯ ಬೈಟನ್ನು ಮುಂದಿಡುತ್ತದೆ, ಎರಡನೆಯದು ಹಿರಿಯದನ್ನು.

ಲೆಕ್ಕ ತಪ್ಪಿದಾಗ ಬಿಡಿಸಿದ ಹೆಜ್ಜೆಗಳನ್ನು ಅಳಿಸಬೇಡಿರೆಂದು ನಮ್ಮ ತರಗತಿಗಳಲ್ಲಿ ಹೇಳುತ್ತಿದ್ದೆವು. ಗಣಕ ವೃತ್ತಿಗೆ ತೆರಳಿದ ನಮ್ಮ ವಿದ್ಯಾರ್ಥಿಗಳಿಗೂ ಅದೇ ಮಾತು ಅನ್ವಯಿಸುತ್ತದೆ. ದಾಖಲೆ ಇದ್ದಂತೆಯೇ ಉಳಿದರೆ ದೂರು ಸಹೋದ್ಯೋಗಿಯ ತಲೆಗೆ ಬರುವ ಮುನ್ನವೇ ದೋಷದ ನೆಲೆ ತಿಳಿಯುತ್ತದೆ.