ತರ್ಕಚಿಪ್‌ಗಳ ವಿದ್ಯುತ್ ಬಳಕೆ ಮತ್ತು ವೋಲ್ಟೇಜ್ ನಿಯಂತ್ರಕಗಳ ಆಯ್ಕೆ

ಕಾರ್ಖಾನೆಯಿಂದ ಹೊರಬಂದ ಮೇಲೆಯೂ ತನ್ನೊಳಗಿನ ತರ್ಕಮಂಡಲಗಳನ್ನು ಬಳಸುವವರ ಇಚ್ಛೆಯಂತೆ ಹೊಂದಿಸಿಕೊಳ್ಳಲು ಅವಕಾಶವೀಯುವ ಚಿಪ್‌ಗೆ ಎಫ್‌ಪಿಜಿಎ ಎಂದು ಹೆಸರು. 1985ರಲ್ಲಿ ಅಮೆರಿಕದ ಜೈಲಿಂಕ್ಸ್ ಸಂಸ್ಥೆ ಹೊರತಂದ ಇಂಥ ಮೊದಲ ಚಿಪ್‌ನಲ್ಲಿ ಇದ್ದುದು ಕೇವಲ 64 ತರ್ಕಖಂಡಗಳು. ಇಂದು ಅವು ಲಕ್ಷಗಟ್ಟಲೆಯಾಗಿವೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ವಿಶ್ವದ ಮೊದಲ ತಾರೆಗಳ ಕ್ಷೀಣ ಸಂಕೇತವನ್ನು ಅರಸಲು 2020ರಲ್ಲಿ ‘ಸಾರಸ್ 3’ ರೇಡಿಯೊ ದೂರದರ್ಶಕವನ್ನು ದಂಡಿಗಾನಹಳ್ಳಿ ಕೆರೆಯ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟಿತು. ಅದರ ಸಂಕೇತಗಳನ್ನು ವಿಂಗಡಿಸಿದವು ಇಂಥ ಚಿಪ್‌ಗಳೇ. ಊರಿನಿಂದ ದೂರದ ಇಂಥ ಎಡೆಗಳಲ್ಲಿ ಒಂದೊಂದು ವ್ಯಾಟಿಗೂ ಬೆಲೆಯುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದರೆ ಮೊದಲು ಹಾಸಿಗೆಯನ್ನು ಅಳೆಯಬೇಕಷ್ಟೆ.

ಚಿಪ್‌ನ ವಿದ್ಯುತ್ ಬಳಕೆ ಎರಡು ಬಗೆ. ಕೆಲಸವಿಲ್ಲದಾಗಲೂ ಟ್ರಾನ್ಸಿಸ್ಟರುಗಳ ಮೂಲಕ ಸೋರುವುದು ಸ್ಥಿರ ಬಳಕೆ. ಮುಚ್ಚಿದ ತೂಬಿನಲ್ಲೂ ನೀರು ಜಿನುಗುವಂತೆ. ಸ್ಥಿತಿ ಬದಲಾದಾಗಲೆಲ್ಲ ವ್ಯಯವಾಗುವುದು ಚಲನ ಬಳಕೆ. ಇದು ಧಾರಕತೆ, ವೋಲ್ಟೇಜಿನ ವರ್ಗ, ಆವೃತ್ತಿ ಹಾಗೂ ಬದಲಾವಣೆಯ ಪ್ರಮಾಣ, ಈ ನಾಲ್ಕರ ಗುಣಲಬ್ಧವನ್ನು ಅನುಸರಿಸುತ್ತದೆ. ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ಚಲನ ಬಳಕೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದು. ಅಂತೆಯೇ ಚಿಪ್‌ನ ಒಡಲಿಗೆ ಇಂದು 1 ವೋಲ್ಟಿನ ಆಸುಪಾಸು ಸಾಕು. ಹೊರಸಂಪರ್ಕದ ತಂತುಗಳಿಗೆ ಮಾತ್ರ 1.8, 2.5 ಅಥವಾ 3.3 ವೋಲ್ಟ್ ಬೇಕಾಗಬಹುದು.

ಒಂದು ಲೆಕ್ಕವನ್ನು ನೋಡೋಣ. ಒಡಲಿಗೆ 1 ವೋಲ್ಟಿನಲ್ಲಿ 4 ಆಂಪಿಯರ್, ಅಂದರೆ 4 ವ್ಯಾಟ್ ಬೇಕು. ಮೂಲ ಸರಬರಾಜು 5 ವೋಲ್ಟ್. ರೇಖೀಯ ನಿಯಂತ್ರಕವು ಮಿಕ್ಕ 4 ವೋಲ್ಟನ್ನು ಶಾಖವಾಗಿ ಸುಡುತ್ತದೆ: 4 × 4 = 16 ವ್ಯಾಟ್ ವ್ಯರ್ಥ. ಶೇಕಡ 85 ದಕ್ಷತೆಯ ಸ್ವಿಚಿಂಗ್ ನಿಯಂತ್ರಕಕ್ಕಾದರೆ ಒಟ್ಟು 4.7 ವ್ಯಾಟ್ ಸಾಕು, ನಷ್ಟ 0.7 ವ್ಯಾಟ್ ಮಾತ್ರ. ಆದರೆ ಅದು ಎಬ್ಬಿಸುವ ವಿದ್ಯುತ್ ಗದ್ದಲವು ಸೂಕ್ಷ್ಮ ರೇಡಿಯೊ ಉಪಕರಣಗಳಿಗೆ ಕಂಟಕ. ಆದುದರಿಂದ ಹೆಚ್ಚು ಪ್ರವಾಹ ಬೇಡುವೆಡೆ ಸ್ವಿಚಿಂಗ್ ಬಗೆಯನ್ನೂ, ಅಲ್ಪಪ್ರವಾಹದ ಸೂಕ್ಷ್ಮ ಭಾಗಗಳಿಗೆ ರೇಖೀಯ ಬಗೆಯನ್ನೂ ಆರಿಸುವುದು ವಿಹಿತ. 3.3 ವೋಲ್ಟಿನಿಂದ 2.5ಕ್ಕೆ 0.2 ಆಂಪಿಯರ್ ಒದಗಿಸುವಾಗ ರೇಖೀಯ ನಿಯಂತ್ರಕದ ನಷ್ಟ ಕೇವಲ 0.16 ವ್ಯಾಟ್.

ಇನ್ನು ಉಷ್ಣತೆಯ ವಿಚಾರ. ಸಾಮಾನ್ಯ ದರ್ಜೆಯ ಅನೇಕ ಚಿಪ್‌ಗಳ ಒಳಗಿನ ಉಷ್ಣತೆ 85 ಡಿಗ್ರಿಯನ್ನು ಮೀರಬಾರದು. ಪ್ರತಿ ವ್ಯಾಟಿಗೆ 10 ಡಿಗ್ರಿ ಏರುವ ಚಿಪ್ 4 ವ್ಯಾಟ್ ಬಳಸಿದರೆ ಏರಿಕೆ 40 ಡಿಗ್ರಿ. 25 ಡಿಗ್ರಿಯ ಪ್ರಯೋಗಶಾಲೆಯಲ್ಲಿ ಅದು 65ರಲ್ಲಿ ಸುಖವಾಗಿರುತ್ತದೆ. ಹಗರಿಬೊಮ್ಮನಹಳ್ಳಿಯ ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ 80ನ್ನು ಮುಟ್ಟುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಉಷ್ಣತೆ ಏರಿದಂತೆ ಸೋರಿಕೆ ಹೆಚ್ಚುತ್ತದೆ, ಸೋರಿಕೆ ಹೆಚ್ಚಿದಂತೆ ಉಷ್ಣತೆ ಏರುತ್ತದೆ. ಆದ್ದರಿಂದ ಅಂದಾಜನ್ನು ಅತಿ ಬಿಸಿಯ ದಿನಕ್ಕೇ ಮಾಡಬೇಕು; ನಿಯಂತ್ರಕದ ಶಕ್ತಿಯಲ್ಲಿ ಕಾಲುಭಾಗವಾದರೂ ಮೀಸಲಿಡಬೇಕು.

ಮೂರು ಎಚ್ಚರಿಕೆಗಳು ಉಳಿದಿವೆ. 1 ವೋಲ್ಟಿಗೆ ಶೇಕಡ 5ರ ಮಿತಿಯೆಂದರೆ ಕೇವಲ 50 ಮಿಲಿವೋಲ್ಟ್. ಆದುದರಿಂದ ನಿಯಂತ್ರಕವೂ ಕೆಪಾಸಿಟರುಗಳೂ ಚಿಪ್‌ಗೆ ಹತ್ತಿರವಿರಲಿ. ವಿವಿಧ ವೋಲ್ಟೇಜುಗಳು ತಯಾರಕರು ಹೇಳಿದ ಕ್ರಮದಲ್ಲೇ ಏರಲಿ. ಮಂಡಲ ಸಿದ್ಧವಾದ ಮೇಲೆ ನಿಜವಾದ ಪ್ರವಾಹವನ್ನು ಅಳೆದು ಅಂದಾಜಿನೊಡನೆ ಹೋಲಿಸಲಿ. ಈ ಲೆಕ್ಕಕ್ಕೆ ಓಮನ ನಿಯಮ ಹಾಗೂ ಗುಣಾಕಾರಕ್ಕಿಂತ ಹೆಚ್ಚಿನ ಗಣಿತ ಬೇಕಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗೆ ಇದನ್ನು ಕಲಿಸಿದಲ್ಲಿ, ಪಠ್ಯದ ಸೂತ್ರವು ಉಪಕರಣವೊಂದನ್ನು ಉಳಿಸುವ ವಿವೇಕವಾಗಿ ಪರಿಣಮಿಸುವುದು.