ಕೇಬಲಿಗೊಂದು ಹೆಸರು

ಕವಿ ರನ್ನನ ಹೆಸರನ್ನು ಹೊತ್ತ ರನ್ನ ಬೆಳಗಲಿಯು ಮುಧೋಳ ಸೀಮೆಯ ಊರು. ಸುತ್ತಲೂ ಕಬ್ಬಿನ ನಾಡು. ಅಲ್ಲಿನ ಹೊಲದಂಚಿನಲ್ಲಿ ಒಂದು ಪಂಪಿನ ಮನೆಯನ್ನು ಊಹಿಸಿಕೊಳ್ಳೋಣ. ಗೋಡೆಯ ಮೇಲೆ ಎರಡು ಸ್ಟಾರ್ಟರ್ ಪೆಟ್ಟಿಗೆಗಳಿವೆ. ಒಂದು ತೆರೆದ ಬಾವಿಯ ಪಂಪಿಗೆ, ಇನ್ನೊಂದು ಕೊಳವೆ ಬಾವಿಯದಕ್ಕೆ. ಎರಡರ ಕೇಬಲುಗಳೂ ನೋಡಲು ಒಂದೇ ತೆರನಾಗಿವೆ. ದುರಸ್ತಿಗೆ ಬಂದವನು ತಪ್ಪಿ ಬೇರೆ ಸ್ವಿಚ್ಚನ್ನು ಆರಿಸಿದನೆಂದರೆ, ಫೇಸುಗಳ ನಡುವೆ 415 ವೋಲ್ಟುಗಳಿರುವ ತಂತಿಗೆ ಅವನು ಕೈಯಿಟ್ಟಂತೆಯೇ ಸರಿ. ಆದುದರಿಂದ ಕೇಬಲಿಗೆ ಅಳಿಯದ ಹೆಸರು ಬೇಕು. ಅದನ್ನು ಮುದ್ರಿಸುವ ಯಂತ್ರವನ್ನು ಆರಿಸುವುದು ಹೇಗೆಂಬುದನ್ನು ವಿಚಾರಿಸೋಣ.

ಮೊದಲು ಮುದ್ರಣದ ಬಗೆ. ಕೆಲವು ಯಂತ್ರಗಳಿಗೆ ಮಸಿಯೇ ಬೇಡ; ಕಾಗದಕ್ಕೆ ಬಳಿದ ರಾಸಾಯನಿಕ ಲೇಪವು ಬಿಸಿ ತಗಲಿದೆಡೆ ಕಪ್ಪಾಗುತ್ತದೆ. ಅನೇಕ ಅಂಗಡಿಗಳ ಬಿಲ್ಲು ಮುದ್ರಣವಾಗುವುದು ಹೀಗೆಯೇ. ಅಂಥ ಬಿಲ್ಲನ್ನು ಕೆಲವು ದಿನ ಬಿಸಿಲಿನಲ್ಲಿಟ್ಟು ನೋಡಿದರೆ ಅಕ್ಷರಗಳು ಮಾಸುವುದನ್ನು ವಾಚಕರೇ ಕಾಣಬಹುದು. ಪಂಪಿನ ಮನೆಗೆ ಇದು ತಕ್ಕುದಲ್ಲ. ಎರಡನೆಯ ಬಗೆಯಲ್ಲಿ ರಿಬ್ಬನ್ನಿನ ಮೇಲಿರುವ ಮೇಣ ಅಥವಾ ರಾಳದ ಮಸಿಯು ಕರಗಿ ಪಟ್ಟಿಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಪಟ್ಟಿಯ ಮೇಲೆ ರಾಳದ ಮಸಿಯು ನೀರು, ಎಣ್ಣೆಗಳನ್ನು ಚೆನ್ನಾಗಿ ತಡೆಯುತ್ತದೆ. ಇನ್ನು ಕೆಲವು ಯಂತ್ರಗಳ ಪಟ್ಟಿಯಲ್ಲಿ ಅಕ್ಷರಗಳ ಮೇಲೆ ಪಾರದರ್ಶಕ ಪೊರೆಯೊಂದಿರುವುದರಿಂದ ಉಜ್ಜಿದರೂ ಅವು ಅಳಿಯವು.

ಎರಡನೆಯದು ಕೇಬಲಿನ ಆಕಾರ. ಪೆಟ್ಟಿಗೆಯ ಸಮತಲಕ್ಕೆ ಯಾವ ಒಳ್ಳೆಯ ಪಟ್ಟಿಯಾದರೂ ಅಂಟೀತು. ಆದರೆ 6 ಮಿಲಿಮೀಟರ್ ವ್ಯಾಸದ ಕೇಬಲಿನ ಸುತ್ತಳತೆ 6 × 3.14, ಅಂದರೆ ಸುಮಾರು 19 ಮಿಲಿಮೀಟರ್. ಬಿರುಸಾದ ಪಟ್ಟಿಯನ್ನು ಇಷ್ಟು ಬಿಗಿಯಾಗಿ ಸುತ್ತಿದರೆ, ಮತ್ತೆ ನೇರವಾಗಲೆಳಸಿ ಅದರ ಅಂಚು ಮೇಲೇಳುತ್ತದೆ. ಇಲ್ಲಿ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಉತ್ತಮ. ತಯಾರಿಕೆಯಲ್ಲಿ ಇದರ ಉದ್ದನೆಯ ಅಣುಗಳನ್ನು ಒಂದಕ್ಕೊಂದು ಬೆಸೆದು, ಬಿಸಿಯಲ್ಲಿ ಹಿಗ್ಗಿಸಿ, ಹಾಗೆಯೇ ತಣಿಸಿರುತ್ತಾರೆ. ಪುನಃ ಬಿಸಿ ಮಾಡಿದಾಗ ಅದು ಹಳೆಯ ಅಳತೆಗೆ ಮರಳಲು ಕುಗ್ಗಿ ಕೇಬಲನ್ನು ಅಪ್ಪುತ್ತದೆ. ಆದರೆ ತುದಿಯನ್ನು ಜೋಡಿಸುವ ಮೊದಲೇ ಇದನ್ನು ತೂರಿಸಬೇಕು. ಆಗಲೇ ಜೋಡಿಸಿರುವ ಕೇಬಲಿಗೆ, ಬರಹದ ಮೇಲೆ ತನ್ನದೇ ಪಾರದರ್ಶಕ ಬಾಲವು ಸುತ್ತಿಕೊಳ್ಳುವ ಪಟ್ಟಿ ಸೂಕ್ತ.

ಮೂರನೆಯದು ಲಿಪಿ. ಅನೇಕ ಕೈಯಂತ್ರಗಳ ಕೀಲಿಮಣೆಯಲ್ಲಿ ಕನ್ನಡವಿಲ್ಲ. ಮೊಬೈಲಿನಿಂದ ಬರಹವನ್ನು ಚಿತ್ರರೂಪದಲ್ಲಿ ಪಡೆಯುವ ಯಂತ್ರವಾದರೆ ‘ಕೊಳವೆ ಬಾವಿ’ ಎಂದೇ ಮುದ್ರಿಸಬಹುದು. ಇಲ್ಲವಾದರೆ ಅಂಕೆಗಳನ್ನು ಹಾಕಿ, ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಗೋಡೆಗೆ ತೂಗುಹಾಕಬೇಕು. ಕೇಬಲಿನ ಎರಡು ತುದಿಗಳಲ್ಲಿಯೂ ಒಂದೇ ಗುರುತಿರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಪಟ್ಟಿಯು ಕೇಬಲಿನ ಹೆಸರನ್ನು ಹೇಳೀತು. ಅದರಲ್ಲಿ ಈಗ ವಿದ್ಯುತ್ತಿದೆಯೇ ಎಂಬುದನ್ನು ಹೇಳಲಾರದು. ಹೆಸರನ್ನೋದಿ ಸ್ವಿಚ್ಚನ್ನು ಆರಿಸಿದ ಮೇಲೂ ಬಲ್ಲವರು ಪರೀಕ್ಷಿಸಿ ನೋಡುವವರೆಗೆ ತಂತಿಯನ್ನು ಮುಟ್ಟಬಾರದು.