ಟೊಳ್ಳು ಒಡಲಿನ ವಿದ್ಯುತ್ ಗಿಟಾರು

ಬಿಗಿದ ತಂತಿಯನ್ನು ಮೀಟಿದಾಗ ಅದರಿಂದ ನೇರವಾಗಿ ಹೊರಡುವ ನಾದ ಬಹು ಕ್ಷೀಣವಾದುದು. ತೆಳುವಾದ ತಂತಿ ಗಾಳಿಯನ್ನು ಸೀಳಿಕೊಂಡು ಆಚೀಚೆ ಸರಿಯುವುದೇ ಹೊರತು ಹೆಚ್ಚು ಗಾಳಿಯನ್ನು ಅಲುಗಿಸಲಾರದು. ವೀಣೆಗೆ ಕೊಡವನ್ನೂ ಪಿಟೀಲಿಗೆ ಟೊಳ್ಳಾದ ಪೆಟ್ಟಿಗೆಯನ್ನೂ ಜೋಡಿಸಿರುವುದು ಈ ಕೊರತೆಯನ್ನು ನೀಗಲೆಂದೇ. ತಂತಿಯ ಕಂಪನ ಕುದುರೆಯ ಮೂಲಕ ಹಲಗೆಗೆ ಇಳಿಯುತ್ತದೆ. ಅಗಲವಾದ ಹಲಗೆ ಸುತ್ತಲಿನ ಗಾಳಿಯನ್ನು ನೂಕುತ್ತದೆ. ಗಿಟಾರಿನ ಒಡಲು ಮಾಡುವ ಕೆಲಸವೂ ಇದೇ. ಹಾಗಾದರೆ, ವಿದ್ಯುತ್ತಿನಿಂದ ನಾದವನ್ನು ಹೆಚ್ಚಿಸಿಕೊಳ್ಳುವ ಗಿಟಾರಿಗೂ ಟೊಳ್ಳು ಒಡಲು ಬೇಕೆ? ಇದ್ದರೆ ಲಾಭವೇನು, ನಷ್ಟವೇನು? ಅದನ್ನು ಮಾರ್ಪಡಿಸಿದರೆ ನಾದ ಉತ್ತಮವಾಯಿತೆಂದು ನಿರ್ಣಯಿಸುವುದು ಹೇಗೆ? ಈ ಪ್ರಶ್ನೆಗಳನ್ನು ಈಗ ಪರಿಶೀಲಿಸೋಣ.

ತಂತಿಯಿಂದ ವಿದ್ಯುತ್ತಿಗೆ

ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುವುದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನು. ವಿದ್ಯುತ್ ಗಿಟಾರಿನ ‘ಪಿಕಪ್’ ಎಂಬ ಭಾಗ ಈ ತತ್ತ್ವವನ್ನೇ ಅನುಸರಿಸುತ್ತದೆ. ಅಯಸ್ಕಾಂತದ ಮೇಲೆ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅದೇ ಲಯದಲ್ಲಿ ಬದಲಾಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಲವು ಪಟ್ಟು ಹೆಚ್ಚಿಸಿ ಲೌಡ್‌ಸ್ಪೀಕರಿಗೆ ಕಳುಹಿಸುತ್ತದೆ.

ಅಮೆರಿಕದ ಗಿಬ್ಸನ್ ಸಂಸ್ಥೆ 1936ರಲ್ಲಿ ಹೊರತಂದ ಇಎಸ್-150 ಎಂಬುದು, ಎಫ್ ಅಕ್ಷರದ ಆಕಾರದ ರಂಧ್ರಗಳುಳ್ಳ ಸಾಮಾನ್ಯ ಟೊಳ್ಳು ಗಿಟಾರಿಗೆ ಪಿಕಪ್ಪನ್ನು ಅಳವಡಿಸಿದ ವಾದ್ಯವಾಗಿತ್ತು. ಇಂತಹ ಗಿಟಾರನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು, ತುತ್ತೂರಿಗಳ ನಡುವೆಯೂ ಗಿಟಾರಿನ ಒಂಟಿ ಸ್ವರಗಳು ಸ್ಪಷ್ಟವಾಗಿ ಕೇಳುವಂತೆ ಮಾಡಿದನು.

ಒಡಲಿನ ಲಾಭ ನಷ್ಟ

ಬೆರಳು ತಂತಿಗೆ ಕೊಡುವ ಶಕ್ತಿ ಮಿತವಾದುದು. ಅದನ್ನು ಒಂದು ಗಂಟಿನಲ್ಲಿರುವ ಹಣವೆಂದು ಭಾವಿಸೋಣ. ಹಗುರವಾದ ಟೊಳ್ಳು ಒಡಲು ಆ ಹಣವನ್ನು ಬೇಗ ಬೇಗ ಗಾಳಿಗೆ ವ್ಯಯಮಾಡುತ್ತದೆ. ಆದುದರಿಂದ ಆಂಪ್ಲಿಫೈಯರ್ ಇಲ್ಲದಿದ್ದರೂ ನಾದ ಜೋರಾಗಿರುತ್ತದೆ. ಆದರೆ ಬೇಗ ಅಡಗುತ್ತದೆ. ಭಾರವಾದ ಗಟ್ಟಿ ಮರವಾದರೋ ಹೆಚ್ಚು ಕಂಪಿಸದೆ ಶಕ್ತಿಯನ್ನು ತಂತಿಯಲ್ಲಿಯೇ ಉಳಿಸುತ್ತದೆ, ನಾದ ದೀರ್ಘವಾಗುತ್ತದೆ.

ಎರಡನೆಯ ನಷ್ಟ ಇನ್ನೂ ಗಂಭೀರವಾದುದು. ಗಾಳಿಯನ್ನು ಸುಲಭವಾಗಿ ನೂಕಬಲ್ಲ ಹಲಗೆಯನ್ನು ಗಾಳಿಯೂ ಅಷ್ಟೇ ಸುಲಭವಾಗಿ ನೂಕಬಲ್ಲದು. ಲೌಡ್‌ಸ್ಪೀಕರಿನ ಧ್ವನಿ ಒಡಲನ್ನು ನಡುಗಿಸುತ್ತದೆ. ಒಡಲು ತಂತಿಯನ್ನು ನಡುಗಿಸುತ್ತದೆ. ಪಿಕಪ್ ಅದನ್ನು ಮತ್ತೆ ಲೌಡ್‌ಸ್ಪೀಕರಿಗೆ ಕಳುಹಿಸುತ್ತದೆ. ಸಭೆಗಳಲ್ಲಿ ಮೈಕು ಇದ್ದಕ್ಕಿದ್ದಂತೆ ಕೀರಲು ದನಿಯಲ್ಲಿ ಕೂಗುವುದನ್ನು ನಾವೆಲ್ಲರೂ ಕೇಳಿದ್ದೇವಷ್ಟೆ. ಇದೂ ಅದೇ ಬಗೆಯದು. ಇದಕ್ಕೆ ‘ಫೀಡ್‌ಬ್ಯಾಕ್’ ಎಂದು ಹೆಸರು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಗಿಟಾರು ಲೌಡ್‌ಸ್ಪೀಕರಿನಿಂದ 3 ಮೀಟರು ದೂರದಲ್ಲಿರಲಿ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ ಒಂದು ಸುತ್ತಿಗೆ ಹೆಚ್ಚುಕಡಿಮೆ 0.009 ಸೆಕೆಂಡು ಸಾಕು. ಪ್ರತಿ ಸುತ್ತಿನಲ್ಲಿಯೂ ಕಂಪನ 10ರಷ್ಟಿದ್ದುದು 9ರಷ್ಟಾಗಿ ಮರಳಿದರೆ ಅದು ತಾನಾಗಿಯೇ ಅಡಗುತ್ತದೆ. 11ರಷ್ಟಾಗಿ ಮರಳಿದರೆ, 25 ಸುತ್ತುಗಳಲ್ಲಿ, ಎಂದರೆ ಕಾಲು ಸೆಕೆಂಡಿನೊಳಗೆ, ಹತ್ತು ಪಟ್ಟಿಗಿಂತಲೂ ಹೆಚ್ಚಾಗಿರುತ್ತದೆ! ಆದರೆ ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದಾಗ ಮಾತ್ರ ತೂಗು ಹೆಚ್ಚುವಂತೆ, ಮರಳಿದ ಧ್ವನಿಯೂ ಮೂಲ ಕಂಪನದೊಡನೆ ಹೆಜ್ಜೆಗೂಡಿರಬೇಕು. ಆದಕಾರಣ ಒಡಲಿಗೆ ಸಹಜವಾದ ಕೆಲವು ಸ್ವರಗಳಲ್ಲಿಯೇ ಈ ಕೂಗು ಮೊದಲು ಏಳುತ್ತದೆ.

ಮೂರು ಮಾರ್ಪಾಟುಗಳು

ಲೆಸ್ ಪಾಲ್ ಎಂಬ ವಾದಕರು ಸುಮಾರು 1940ರಲ್ಲಿ ನಾಲ್ಕು ಅಂಗುಲ ದಪ್ಪದ ಪೈನ್ ಮರದ ತುಂಡಿಗೆ ತಂತಿಗಳನ್ನೂ ಪಿಕಪ್ಪನ್ನೂ ಜೋಡಿಸಿದರು. ನೋಡುವವರಿಗೆ ಗಿಟಾರಿನಂತೆ ಕಾಣಲೆಂದು, ಟೊಳ್ಳು ಗಿಟಾರೊಂದನ್ನು ಸೀಳಿ ಅದರ ಎರಡು ಪಕ್ಕಗಳನ್ನು ಅಂಟಿಸಿದರು. ಪಿಕಪ್ಪಿಗೆ ಟೊಳ್ಳು ಒಡಲು ಅನಿವಾರ್ಯವಲ್ಲವೆಂಬುದು ಈ ‘ಮರದ ದಿಮ್ಮಿ’ಯಿಂದ ಸ್ಪಷ್ಟವಾಯಿತು.

ಗಿಬ್ಸನ್ ಸಂಸ್ಥೆ 1958ರಲ್ಲಿ ಇಎಸ್-335 ಎಂಬ ಅರೆಟೊಳ್ಳು ಗಿಟಾರನ್ನು ಹೊರತಂದಿತು. ಇದರ ಎರಡು ಪಕ್ಕಗಳು ಟೊಳ್ಳು. ನಡುವೆ ಉದ್ದಕ್ಕೂ ಗಟ್ಟಿಯಾದ ಮೇಪಲ್ ಮರದ ತುಂಡು. ಕುದುರೆ ಈ ತುಂಡಿನ ಮೇಲೆಯೇ ನಿಲ್ಲುವುದರಿಂದ ಹಲಗೆಯ ಕಂಪನ ತಗ್ಗಿ, ಕೂಗು ಕಡಮೆಯಾಗಿ, ನಾದ ದೀರ್ಘವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಸುಲಭವಾದುದು. ಬ್ಲೂಸ್ ಗಾಯಕ ಬಿ. ಬಿ. ಕಿಂಗ್ ಅವರು ರಂಧ್ರಗಳೊಳಗೆ ಬಟ್ಟೆಯನ್ನು ತುರುಕಿ ಈ ಕೂಗನ್ನು ತಡೆಯುತ್ತಿದ್ದರು. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ನಾದ ಹೊರಡುತ್ತದೆ. ಬಾಯಿಗೆ ಬಟ್ಟೆ ತುರುಕಿದರೆ ಆ ನಾದ ಸತ್ತುಹೋಗುತ್ತದೆ. ಗಿಟಾರಿನೊಳಗಿನ ಗಾಳಿಗೂ ಇದೇ ನಿಯಮ. ಗಿಬ್ಸನ್ ಸಂಸ್ಥೆ 1980ರಲ್ಲಿ ಅವರ ಹೆಸರಿನಲ್ಲಿ ಮಾಡಿದ ಗಿಟಾರಿನಲ್ಲಿ ರಂಧ್ರಗಳನ್ನೇ ಬಿಟ್ಟುಬಿಟ್ಟಿತು.

ಹೋಲಿಕೆಯ ತೊಡಕು

1959ರಲ್ಲಿ ಬಂದ ಇಎಸ್-330, ನೋಟಕ್ಕೆ ಇಎಸ್-335ರಂತೆಯೇ ಇದ್ದರೂ ಪೂರ್ಣ ಟೊಳ್ಳು. ಇವೆರಡನ್ನೂ ನುಡಿಸಿ ನೋಡಿದರೆ ನಡುವಣ ಮರದ ಪರಿಣಾಮ ತಿಳಿಯುವುದೆಂದು ಯಾರಾದರೂ ಭಾವಿಸಬಹುದು. ಆದರೆ 330ರಲ್ಲಿರುವುದು ಒಂದೇ ಸುರುಳಿಯ ಪಿಕಪ್. 335ರಲ್ಲಿರುವುದು 1955ರಲ್ಲಿ ಸೆತ್ ಲವರ್ ಎಂಬ ಎಂಜಿನಿಯರು ರೂಪಿಸಿದ ಜೋಡಿ ಸುರುಳಿಯ ಪಿಕಪ್. ಇದರಲ್ಲಿ ಎರಡು ಸುರುಳಿಗಳು ಹೊರಗಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಪರಸ್ಪರ ರದ್ದುಮಾಡುತ್ತವೆ. ಜೊತೆಗೆ ನಾದದ ಬಣ್ಣವನ್ನೂ ಬದಲಾಯಿಸುತ್ತವೆ. ಕುತ್ತಿಗೆಯ ಜೋಡಣೆಯೂ ಬೇರೆ. ಮೂರು ಅಂಶಗಳು ಒಟ್ಟಿಗೆ ಬದಲಾದಲ್ಲಿ, ಕೇಳಿಬಂದ ವ್ಯತ್ಯಾಸಕ್ಕೆ ಯಾವುದು ಕಾರಣವೆಂದು ಹೇಳಲಾಗದು.

ಬೀಟಲ್ಸ್ ತಂಡದ ಜಾನ್ ಲೆನ್ನನ್ ಮತ್ತು ಜಾರ್ಜ್ ಹ್ಯಾರಿಸನ್ ಅವರು 1968ರಲ್ಲಿ ತಮ್ಮ ಎಪಿಫೋನ್ ಕೆಸಿನೊ ಎಂಬ ಟೊಳ್ಳು ಗಿಟಾರುಗಳ ಬಣ್ಣದ ಲೇಪವನ್ನು ತೆಗೆಸಿದರು. ಇದರಿಂದ ವಾದ್ಯಗಳು ಬಹಳ ಉತ್ತಮವಾದುವೆಂದು ಹ್ಯಾರಿಸನ್ ಅಭಿಪ್ರಾಯಪಟ್ಟರು. ಅನುಭವಿಗಳ ಮಾತನ್ನು ನಾವು ತಿರಸ್ಕರಿಸಬೇಕಾಗಿಲ್ಲ. ಆದರೆ ಲೇಪವನ್ನು ಉಜ್ಜಿ ತೆಗೆದ ಮೇಲೆ ಅದೇ ಗಿಟಾರಿನ ಹಳೆಯ ನಾದವನ್ನು ಪಕ್ಕದಲ್ಲಿಟ್ಟು ಕೇಳುವುದು ಅಸಾಧ್ಯ. ನೆನಪಿನಲ್ಲಿ ಉಳಿದ ನಾದ ಅಳತೆಗೋಲಾಗಲಾರದು.

ಸರಿಯಾದ ಪರೀಕ್ಷೆ

ಮಾರ್ಪಾಟನ್ನು ಪರೀಕ್ಷಿಸುವವರು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ತಂತಿಗಳು, ತಂತಿಗೂ ಪಿಕಪ್ಪಿಗೂ ಇರುವ ಅಂತರ, ಆಂಪ್ಲಿಫೈಯರಿನ ತಿರುಪುಗಳು, ಲೌಡ್‌ಸ್ಪೀಕರಿನ ದೂರ, ಇವೆಲ್ಲವೂ ಮೊದಲಿನಂತೆಯೇ ಇರಬೇಕು. ಬಟ್ಟೆಯನ್ನು ತುರುಕಿ ಒಮ್ಮೆ, ತೆಗೆದು ಒಮ್ಮೆ ಒಂದೇ ಸ್ವರವನ್ನು ನುಡಿಸಿ ಧ್ವನಿಮುದ್ರಿಸೋಣ. ನಾದ ಅಡಗಲು ಹಿಡಿದ ಕಾಲವನ್ನು ಅಳೆಯೋಣ. ಬಳಿಕ, ಯಾವುದು ಯಾವುದೆಂದು ತಿಳಿಸದೆ, ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ, ಗೆಳೆಯನೊಬ್ಬನಿಗೆ 20 ಸಲ ಕೇಳಿಸೋಣ. ಬರಿಯ ಊಹೆಯಿಂದಲೇ ಅವನು 10 ಸಲ ಸರಿಯಾಗಿ ಹೇಳಬಹುದು. 15 ಅಥವಾ ಅದಕ್ಕಿಂತ ಹೆಚ್ಚು ಸಲ ಸರಿಯಾದರೆ, ಊಹೆಯಿಂದ ಹಾಗಾಗುವ ಸಂಭವ 50ರಲ್ಲಿ ಒಂದು ಮಾತ್ರ. ಆಗ ವ್ಯತ್ಯಾಸ ನಿಜವಾಗಿ ಕೇಳುತ್ತಿದೆಯೆಂದು ನಂಬಲು ಆಧಾರವುಂಟು.

ವ್ಯತ್ಯಾಸ ಉಂಟೆಂದ ಮಾತ್ರಕ್ಕೆ ಅದು ಉತ್ತಮವೆಂದಲ್ಲ. ಸಣ್ಣ ಕೋಣೆಯಲ್ಲಿ ಮೆಲ್ಲನೆ ನುಡಿಸುವವನಿಗೆ ಟೊಳ್ಳು ಒಡಲಿನ ಬೇಗ ಅಡಗುವ ನಾದವೇ ಇಷ್ಟವಾದೀತು. ದೊಡ್ಡ ಸಭಾಂಗಣದಲ್ಲಿ ಜೋರಾಗಿ ನುಡಿಸುವವನಿಗೆ ಗಟ್ಟಿಮರ ಬೇಕಾದೀತು. ಆಯ್ಕೆ ವಾದಕನಿಗೆ ಸೇರಿದುದು. ಆದರೆ ಮಾರ್ಪಾಟುಗಳನ್ನು ಮಾಡುವ ಕ್ರಮವನ್ನು ವಿಜ್ಞಾನ ಸೂಚಿಸಬಲ್ಲದು: ಹಿಂದೆಗೆಯಬಹುದಾದುದನ್ನು ಮೊದಲು ಮಾಡಬೇಕು, ಹಿಂದೆಗೆಯಲಾಗದುದನ್ನು ಕೊನೆಗೆ. ತುರುಕಿದ ಬಟ್ಟೆಯನ್ನು ಎಳೆದು ತೆಗೆದರೆ ಹಳೆಯ ಗಿಟಾರು ಮತ್ತೆ ದೊರೆಯುತ್ತದೆ. ಗರಗಸ ತಾಗಿದ ಹಲಗೆಯಿಂದ ಅದು ದೊರೆಯಲಾರದು.